ತಿರುಗಿ ಬಂದ ಬಾಗಿನ

ಮೊನ್ನೆ ಗಂಗು ನನ್ನ ಹಳೆಯ ಟ್ರಂಕಿಗೆ ಕೈ ಹಾಕಿ, ಒಂದೇ ಗುಂಡಿಯ ಕಪ್ಪು ಡಬ್ಬಿಯನ್ನು ಎತ್ತಿ ಹಿಡಿದು, "ಮಾವ, ಇದೇನಿದು?" ಎಂದಳು. ಸೆಲ್ಲು ಸೋರಿದ ಕಮಟು ವಾಸನೆ ಮೂಗಿಗೆ ಬಡಿಯಿತು. "ಏನೋ ಹಳೇದು, ಇಡಮ್ಮ" ಎಂದುಬಿಟ್ಟೆ. ಗಂಗು ನನ್ನ ದೊಡ್ಡಮ್ಮನ ಮೊಮ್ಮಗಳು. ಆ ಡಬ್ಬಿಯ ಕಥೆಯನ್ನು ಯಾರಿಗೇ ಹೇಳುವುದಿದ್ದರೂ ಮೊದಲು ಅವಳಿಗೇ ಹೇಳಬೇಕಿತ್ತು.

ಎಂಬತ್ತರ ದಶಕದ ಮಾತು. ನಾನಾಗ ಮಧುಗಿರಿಯಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದೆ. ಸಿರಾದ ಸಾಹೇಬರೊಬ್ಬರು, ಮಗ ದುಬೈಯಿಂದ ತಂದಿದ್ದ ರಿಮೋಟ್ ಕಾರನ್ನು ನನ್ನ ಮೇಜಿನ ಮೇಲಿಟ್ಟು, "ಪೂರಾ ಖರಾಬ್ ಆಗೈತೆ, ನೀವೇ ಇಟ್ಕೊಳಿ" ಎಂದು ಹೋದರು. ಅಂಥವು ಇನ್ನೆರಡು ಸೇರಿದವು. ಮೂರನ್ನೂ ಬಿಚ್ಚಿ, ಚೆನ್ನಾಗಿದ್ದ ಭಾಗಗಳನ್ನು ಒಂದು ಮಾಡಿ, ಚಕ್ರ ಕಿತ್ತ ಅಚ್ಚಿಗೆ ಪೌಡರ್ ಡಬ್ಬಿಯ ತಗಡಿನ ರೆಕ್ಕೆಗಳನ್ನು ಬೆಸೆದೆ. ಥರ್ಮಕೋಲಿನ ಮೇಲೆ ಕೂರಿಸಿ ಸಂದಿಗೆಲ್ಲ ಮೇಣ ಮೆತ್ತಿದೆ. ರೆಕ್ಕೆಯಿಂದ ನೀರು ಬಡಿಯುತ್ತ ಹೋಗುವ ದೋಣಿ! ಕೈಯಲ್ಲಿನ ರಿಮೋಟ್ ಡಬ್ಬಿಯ ಗುಂಡಿ ಬಿಟ್ಟರೆ ನೇರ ಮುಂದಕ್ಕೆ, ಒತ್ತಿದರೆ ಪಕ್ಕಕ್ಕೆ ತಿರುಗುವುದು. ನಮ್ಮ ಕಡೆ ತೇಲಿಸಲು ನೀರೆಲ್ಲಿ ಹೇಳಿ? ಬಚ್ಚಲ ತೊಟ್ಟಿಯೇ ನನ್ನ ಸಮುದ್ರ.

ಆ ವರ್ಷ ಮಿಡಿಗೇಶಿ ಪಕ್ಕದ ನಮ್ಮೂರ ಕೆರೆ ಕೋಡಿ ಬಿತ್ತು. ಹಾಗೆ ಕೆರೆ ತುಂಬಿ ಹರಿದಾಗ, ಹರಕೆ ಹೊತ್ತವರು ಬಾಳೆದಿಂಡಿನ ತೆಪ್ಪದಲ್ಲಿ ದೀಪ, ಬಳೆ, ಅರಿಶಿನ, ಕುಂಕುಮವಿಟ್ಟು ಗಂಗಮ್ಮನಿಗೆ ಬಾಗಿನ ಬಿಡುತ್ತಾರೆ. ಎದೆಮಟ್ಟ ನೀರಿಗಿಳಿದು ತಾವೇ ಕೈಯಾರೆ ದೂಡಬೇಕು. ದಡದಲ್ಲಿ ಬಿಟ್ಟರೆ ಅಲೆ ಹಿಂದಕ್ಕೆ ತರುತ್ತದೆ. ದೊಡ್ಡಮ್ಮನ ಮಗಳು ರತ್ನಕ್ಕನಿಗೆ ಎರಡು ಕೂಸು ಹುಟ್ಟಿ ಹೋಗಿದ್ದವು. ಮೂರನೆಯದು ಹೊಟ್ಟೆಯಲ್ಲಿತ್ತು. ದೊಡ್ಡಮ್ಮ ಹರಕೆ ಹೊತ್ತಿದ್ದಳು, ಆದರೆ ಮಂಡಿ ಹಿಡಿದು ನೀರಿಗಿಳಿಯಲಾರದವಳಾಗಿದ್ದಳು.

"ನಿನ್ ದೋಣಿ ತಾನಾಗೇ ನಡುನೀರಿಗೆ ಹೋಗ್ತೈತೇನ್ಲಾ?"

"ಹೋಗ್ತೈತೆ ದೊಡ್ಡಮ್ಮ."

"ತಿರುಗಿ ಬರಬಾರ್ದು ಕಣ್ಲಾ. ಬಂದ್ರೆ ತಾಯಿ ಒಲ್ಲೆ ಅಂದಂಗೆ."

ಬೆಳಗ್ಗೆ ದೊಡ್ಡಮ್ಮ ದಡದಲ್ಲಿ ಕೂತು, ದೀಪ ಹಚ್ಚಿ, ಕೈಯಾರೆ ದೋಣಿ ಬಿಟ್ಟಳು. ಕಣ್ಣು ಮುಚ್ಚಿ ಕೈ ಮುಗಿದಳು. ಬಾಗಿನ ಹೊತ್ತ ದೋಣಿ ಪಟಪಟನೆ ಹೋಯಿತು. ನಾನು ಹಿಂದೆ ನಿಂತಿದ್ದೆ, ಡಬ್ಬಿ ಟವೆಲಿನ ಮರೆಯಲ್ಲಿತ್ತು. ಪಕ್ಕದಲ್ಲಿದ್ದ ಗೆಳೆಯ ಸಿದ್ದ, "ತಿರುಗ್ತೈತೆ ಅಂತೀಯಲ್ಲ, ಬರೀ ರೀಲು ಬುಡಬ್ಯಾಡ" ಎಂದು ಪಿಸುಗುಟ್ಟಿದ. ಮಾನದ ಪ್ರಶ್ನೆ! ಒಂದು ಸುತ್ತು ತಿರುಗಿಸಿ ಮತ್ತೆ ಕಳಿಸಿದರಾಯಿತು ಎಂದು ಗುಂಡಿ ಒತ್ತಿದೆ. ಮೂತಿ ದಡದತ್ತ ತಿರುಗಿತು. ಬಿಟ್ಟೆ. ಆಚೆಗೆ ತಿರುಗಿಸಲು ಮತ್ತೆ ಒತ್ತಿದೆ, ಒಳಗೆ ನೀರು ಹೊಕ್ಕಿತ್ತೋ ಏನೋ, ಮಾತು ಕೇಳಲಿಲ್ಲ. ದೊಡ್ಡಮ್ಮ ಕಣ್ಣು ಬಿಟ್ಟಾಗ ಬಾಗಿನ ಅವಳ ಕಾಲ ಬಳಿಯೇ ಬಂದು ನಿಂತಿತ್ತು, ದೀಪ ಇನ್ನೂ ಉರಿಯುತ್ತಿತ್ತು.

ಅವಳು ಅಳಲಿಲ್ಲ. "ಒಲ್ಲೆ ಅಂದ್ಬುಟ್ಳು" ಎಂದಳು, ಅಷ್ಟೇ. ನಾನು ಡಬ್ಬಿಯನ್ನು ಟವೆಲಿನಲ್ಲಿ ಇನ್ನಷ್ಟು ಸುತ್ತಿಕೊಂಡೆ.

ಮೂರನೆಯ ಕೂಸು ಗುಂಡುಕಲ್ಲಿನಂತೆ ಹುಟ್ಟಿತು. ಅದೇ ಗಂಗು. ಇನ್ನು ಹೇಳುವ ಅಗತ್ಯವೇನು ಎಂದು ನಾನು ನಿರಾಳವಾದೆ. ಆದರೆ ರತ್ನಕ್ಕ ಮಗುವನ್ನು ಕೊಡಲು ಕೈ ಚಾಚಿದಾಗ ದೊಡ್ಡಮ್ಮ ಹಿಂದೆ ಸರಿದು, "ನನ್ ಕೈಯಾಗೆ ಕೊಡಬ್ಯಾಡ ಕಣಮ್ಮ. ತಾಯಿ ಒಲ್ಲೆ ಅಂದ ಕೈ ಇದು" ಎಂದಳು. ತೊಟ್ಟಿಲ ಹಗ್ಗ ಎಳೆದಳು, ಜೋಗುಳ ಹಾಡಿದಳು. ಸಾಯುವ ತನಕ ಮೊಮ್ಮಗಳನ್ನು ಒಮ್ಮೆಯೂ ಎತ್ತಿಕೊಳ್ಳಲಿಲ್ಲ. ಅಷ್ಟು ವರ್ಷ ನಾನು ಅದನ್ನು ನೋಡುತ್ತಲೇ ಇದ್ದೆ. ಮೊದಲು ಭಯ, ಆಮೇಲೆ ನಾಚಿಕೆ. ಆಮೇಲೆ ಹೇಳಲು ದೊಡ್ಡಮ್ಮನೇ ಇರಲಿಲ್ಲ.

ಮೊನ್ನೆ ಗಂಗು ಟ್ರಂಕು ಮುಚ್ಚುವ ಮೊದಲು ಅವಳನ್ನು ಕೂರಿಸಿಕೊಂಡು ಎಲ್ಲ ಹೇಳಿದೆ. ಅವಳು ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕೇಳಿಸಿಕೊಂಡಳು.

"ಅಜ್ಜಿಗೆ ನನ್ನ ಕಂಡ್ರೆ ಆಗಲ್ಲ ಅಂದ್ಕೊಂಡೇ ಬೆಳೆದೆ ಮಾವ" ಎಂದಳು. ಡಬ್ಬಿಯ ಗುಂಡಿಯನ್ನೊಮ್ಮೆ ಒತ್ತಿ, "ಒಂದು ಮಾತು ಹೇಳಿದ್ರೆ ಆಗ್ತಿತ್ತಲ್ಲ" ಎಂದಳು.

ಆಗುತ್ತಿತ್ತು.