‘ಹೋಗುವಾಗ ಏನು ಬಿಟ್ಟು ಹೋದ್ರಿ?’

ಬೆಳಗಿನ ಐದು ಗಂಟೆ. ಯಾಕಿಮಾ ಕಣಿವೆಯ ಸೇಬುತೋಟದ ಗೇಟಿನ ಬಳಿ ಎರ್ಲಿಂದಾ ಕಿಂತಾನಾ ಮಡಚುವ ಮೇಜನ್ನು ಬಿಡಿಸುತ್ತಾರೆ. ಕಾಗದಗಳು ಹಾರದಂತೆ ಒಂದೊಂದು ಕಟ್ಟಿನ ಮೇಲೂ ಒಂದೊಂದು ಸೇಬು ಇಡುತ್ತಾರೆ. ಕೂಲಿಯವರು ಏಣಿ ಹೊರುವ ಮುಂಚೆ ಅವರ ಮುಂದೆ ಸಾಲುಗಟ್ಟುತ್ತಾರೆ.

ಐವತ್ತೆಂಟರ ಎರ್ಲಿಂದಾ ಊರಿನ ಕಾಲೇಜಿನಲ್ಲಿ ಗುಮಾಸ್ತೆ. ಸೇರಲು ಬಂದವರಲ್ಲಿ ಯಾರು ಈ ರಾಜ್ಯದವರು, ಯಾರು ಹೊರಗಿನವರು ಎಂದು ದಾಖಲೆ ನೋಡಿ ಬರೆಯುವುದು ಅವರ ಕೆಲಸ. ಒಂದು ವರ್ಷದಿಂದ ಇಲ್ಲೇ ಮನೆ ಮಾಡಿಕೊಂಡವರಿಗೆ ಶುಲ್ಕ ಕಡಿಮೆ. ಹೊರಗಿನವರಿಗೆ ಎರಡರಷ್ಟಕ್ಕೂ ಹೆಚ್ಚು. ಕಚೇರಿ ತೆರೆಯುವ ಹೊತ್ತಿಗೆ ಕೂಲಿಯವರು ಮರದ ಮೇಲಿರುತ್ತಾರೆ. ಅದಕ್ಕೇ ಇಪ್ಪತ್ತೆರಡು ವರ್ಷಗಳಿಂದ ಈ ಮೇಜು ತೋಟದಿಂದ ತೋಟಕ್ಕೆ ಅಲೆಯುತ್ತಿದೆ. ಸುಗ್ಗಿಯಲ್ಲಿ ದಿನಕ್ಕೆ ಮೂವತ್ತು ಕಡತ.

ಕಾಲೇಜಿಗೆ ಅರ್ಜಿ ಹಾಕಲು ಇಂದು ಕೊನೆಯ ದಿನ. ನರ್ಸಿಂಗ್ ಓದಲು ಹೊರಟ ಬ್ರಿಸೇದಾಳ ಕಡತದಲ್ಲಿ ಚಳಿಗಾಲದ ಮೂರು ತಿಂಗಳು ಖಾಲಿ. ಹೊರಗಿನವಳೆಂದು ಬರೆದರೆ ಅವಳ ಓದು ಅಲ್ಲಿಗೇ ಮುಗಿಯಿತು.

“ಅರಿಜೋನಾ ರಾಜ್ಯಕ್ಕೆ ಹೋಗಿದ್ವಿ ಅಮ್ಮಾವ್ರೇ, ಲೆಟ್ಯೂಸ್ ಸೊಪ್ಪು ಕೊಯ್ಯೋಕೆ,” ಎನ್ನುತ್ತಾಳೆ ತಾಯಿ ಒತೀಲಿಯಾ. “ಇಲ್ಲಿ ಬಾಡಿಗೆ ಚೀಟಿ ಮೈದುನನ ಹೆಸರಲ್ಲಿದೆ.”

ಕೆಲಸಕ್ಕೆ ಹೋಗಿ ಮರಳಿದರೆ ತಪ್ಪಿಲ್ಲ. ಆದರೆ ಮನೆ ಇಲ್ಲೇ ಇತ್ತು ಎನ್ನಲು ಕಾಗದ ಬೇಕು. ಎರ್ಲಿಂದಾ ಎಲ್ಲರಿಗೂ ಕೇಳುವ ಪ್ರಶ್ನೆಯನ್ನೇ ಕೇಳುತ್ತಾರೆ: “ಹೋಗುವಾಗ ಏನು ಬಿಟ್ಟು ಹೋದ್ರಿ?”

“ಬಿಡೋಕೆ ಏನಿದೆ? ಮೆಣಸಿನ ಗಿಡದ ಎರಡು ಕುಂಡ. ಹೊಲಿಗೆ ಮಿಷನ್ನು. ಕಾನೇಲಾ.”

“ಕಾನೇಲಾ ಯಾರು?”

“ನಮ್ಮ ನಾಯಿ. ಪಕ್ಕದ ಮನೆ ಅಜ್ಜಿ ಹತ್ರ ಬಿಟ್ಟಿದ್ವಿ. ಜನವರೀಲಿ ಟಪಾಲಿನವನ ಪ್ಯಾಂಟ್ ಹರಿದುಬಿಡ್ತು.”

“ಅಮ್ಮಾ! ಅದನ್ಯಾಕೆ ಹೇಳ್ತೀಯ?” ಮಗಳ ಮುಖ ಕೆಂಪಾಗುತ್ತದೆ.

“ನಿಜ ತಾನೇ? ಪುರಸಭೆಯೋರು ನನ್ನ ಹೆಸರಿಗೇ ನೋಟಿಸು ಕಳಿಸಿದ್ರು. ಅಜ್ಜಿ ಹೋಗಿ ನನ್ನ ಹೆಸರಲ್ಲೇ ನಾಯಿ ಲೈಸೆನ್ಸು ಮಾಡಿಸಿದ್ಲು. ನಾಚಿಕೆಯಾಗಿ ಎರಡನ್ನೂ ಕಾರಲ್ಲಿ ಬಚ್ಚಿಟ್ಟಿದೀನಿ.”

“ಬಚ್ಚಿಟ್ಟಿದೀರಾ? ಓಡಿ, ತಗೊಂಡು ಬನ್ನಿ!” ಎಂದು ಎರ್ಲಿಂದಾ ಅವಸರಿಸುತ್ತಾರೆ.

ಎರಡರಲ್ಲೂ ಜನವರಿಯ ತಾರೀಖು, ಒತೀಲಿಯಾಳ ಹೆಸರು, ಇಲ್ಲಿನ ವಿಳಾಸ. ಎರ್ಲಿಂದಾ ಗಟ್ಟಿಯಾಗಿ ಓದಿದಾಗ ಇಡೀ ಸಾಲು ನಗುತ್ತದೆ. “ಮನೆ ಖಾಲಿ ಮಾಡಿ ಹೋಗೋರು ನಾಯೀನ ಇಲ್ಲೇ ಬಿಟ್ಟು ಹೋಗ್ತಾರಾ?” ಎಂದು ಅವರು ‘ರಾಜ್ಯದ ನಿವಾಸಿ’ ಎಂಬ ಮುದ್ರೆಯನ್ನು ಒತ್ತುತ್ತಾರೆ. ಒತೀಲಿಯಾ ಮಗಳ ಕೆನ್ನೆ ಹಿಂಡಿ, “ಕಾನೇಲಾಗೆ ಇವತ್ತು ಮೂಳೆ ಸಾರು,” ಎನ್ನುತ್ತಾಳೆ.

ಹದಿನೆಂಟನೇ ವಯಸ್ಸಿನಲ್ಲಿ ಎರ್ಲಿಂದಾ ಅವರ ಕಡತದಲ್ಲೂ ಇಂಥದೇ ಒಂದು ಚಳಿಗಾಲ ಖಾಲಿ ಇತ್ತು. ಏನು ಬಿಟ್ಟು ಹೋಗಿದ್ದೆ ಎಂದು ಅಂದು ಯಾರೂ ಕೇಳಲಿಲ್ಲ; ಹೊರಗಿನವಳೆಂದೇ ಬರೆದುಬಿಟ್ಟರು. ಹನ್ನೊಂದು ವರ್ಷ ಸೇಬು ಕೀಳುತ್ತಲೇ ಸಂಜೆ ತರಗತಿಯಲ್ಲಿ ಓದಿ, ಕೊನೆಗೆ ಕಾಲೇಜಿನ ಅದೇ ಮೇಜಿನ ಹಿಂದಿನ ಕುರ್ಚಿಗೆ ಬಂದರು.

“ನನಗೂ ಒಂದು ಬೆಕ್ಕಿತ್ತು,” ಎಂದು ಅವರು ಕಣ್ಣು ಮಿಟುಕಿಸುತ್ತಾರೆ. “ಪಾಪ, ಯಾರ ಪ್ಯಾಂಟೂ ಹರೀಲಿಲ್ಲ.”

ಏಣಿಗಳು ಮರಕ್ಕೆ ಒರಗುತ್ತಿವೆ. ಮೇಜು ಮಡಚುತ್ತಾ ಎರ್ಲಿಂದಾ ತಮ್ಮ ಆಸೆ ಹೇಳುತ್ತಾರೆ: “ರಿಟೈರ್ ಆಗೋ ಮುಂಚೆ ಬ್ರಿಸೇದಾ ಕೈಲಿ ಒಂದು ಇಂಜೆಕ್ಷನ್ ಚುಚ್ಚಿಸ್ಕೋಬೇಕು. ಎಷ್ಟೇ ನೋವಾದ್ರೂ ಅಯ್ಯೋ ಅನ್ನಲ್ಲ.”