ಬೆಟ್ಟದ ಗಿಡಕ್ಕೆ ಅಳಿಯನ ಉಪಚಾರ

ಆ ಕಚೇರಿಯ ತೋಟದ ಕೆಲಸದವಳನ್ನು ಎಲ್ಲರೂ ಮೊಂಡಕ್ಕ ಅನ್ನುತ್ತಿದ್ದರು. ಇಪ್ಪತ್ತೆರಡು ವರ್ಷ ಮಣ್ಣು ಕೆದಕಿದವಳಿಗೆ ಸಿಕ್ಕ ಬಿರುದು ಅದೊಂದೇ. ಹುಟ್ಟಿದ್ದು ಬೆಟ್ಟದ ಇಳಿಜಾರಿನಲ್ಲಿ, ಓದಿದ್ದು ಎರಡನೇ ಕ್ಲಾಸು. ಹಾಗಾಗಿ ಗಿಡದ ವಿಚಾರ ಬಂದರೆ ಅವಳೊಬ್ಬಳನ್ನು ಬಿಟ್ಟು ಮಿಕ್ಕೆಲ್ಲರನ್ನೂ ಕೇಳುತ್ತಿದ್ದರು.

ದೊಡ್ಡ ಸಾಹೇಬರು ರಜೆಗೆ ಬೆಟ್ಟಕ್ಕೆ ಹೋದವರು ಬರಿಗೈಯಲ್ಲಿ ಬರಲಿಲ್ಲ. ಬಂಡೆ ಸಂದಿಯಲ್ಲಿ ತನ್ನ ಪಾಡಿಗೆ ತಾನಿದ್ದ ಪೊದೆಗಿಡವೊಂದನ್ನು ಬೇರುಸಮೇತ ಕಿತ್ತು, ಕಾರಿನಲ್ಲಿ ಕೂರಿಸಿಕೊಂಡು ಬಂದರು. ಸೂಜಿಯಂಥ ಎಲೆ, ಹೂ ಬಿಟ್ಟರೆ ಪುಟ್ಟ ಪುಟ್ಟ ಗುಲಾಬಿ ಗಂಟೆಗಳು. ಹೊಸ ಕಟ್ಟಡದ ಉದ್ಘಾಟನೆಗೆ ಸರಿಯಾಗಿ ಅದು ಹೂ ಬಿಡಬೇಕೆಂದು ಅಪ್ಪಣೆಯಾಯಿತು. ಗಿಡಕ್ಕೆ ಅಪ್ಪಣೆ ಓದಲು ಬಾರದ್ದರಿಂದ ಮೇಲ್ವಿಚಾರಕ ಅದನ್ನು ಮೊಂಡಕ್ಕನಿಗೆ ಓದಿ ಹೇಳಿದ: "ಹೂ ಬಿಡಲಿಲ್ವೋ, ನಿನ್ನ ಕೆಲಸ ಹೋಯ್ತು ಅಂತ ತಿಳ್ಕೋ."

ಅವಳು ಕುಂಡಕ್ಕೆ ಕಲ್ಲುಮಣ್ಣು, ಕೊಳೆತ ಎಲೆ ತುಂಬಿ, ಪೀಪಾಯಿಯಲ್ಲಿ ಹಿಡಿದ ಮಳೆನೀರು ಹಾಕಿದಳು. ಗಿಡದ ಈ ಬಡ ಊಟ ಕಂಡು ಮೇಲ್ವಿಚಾರಕನಿಗೆ ಕರುಳು ಚುರುಕ್ಕೆಂದಿತು. ಮೂರು ಬುಟ್ಟಿ ಗೊಬ್ಬರ ತರಿಸಿದ. ಅತಿಥಿಗಳು ಬರುವಾಗ ಕುಂಡಗಳಿಗೆಲ್ಲ ಸುಣ್ಣ ಬಳಿದು, ಮಿಕ್ಕ ಸುಣ್ಣದ ನೀರನ್ನು ಗಿಡದ ಬುಡಕ್ಕೇ ಸುರಿಯುವುದು ಅಲ್ಲಿಯ ರೂಢಿ ಬೇರೆ.

"ಸುಣ್ಣ ತಾಗಿದ್ರೆ ಇದು ಸಾಯುತ್ತೆ ಅಣ್ಣ. ಗೊಬ್ಬರಾನೂ ಒಗ್ಗಲ್ಲ. ಬಡತನದಲ್ಲಿ ಬೆಳೆದ ಜೀವ."

"ಸಾಹೇಬರ ಗಿಡಾನ ಉಪವಾಸ ಕೆಡವ್ತೀಯಾ? ಸೋಮಾರಿತನಕ್ಕೆ ಏನು ಚೆಂದದ ನೆಪ!"

ಮಧ್ಯಾಹ್ನ ಮೇಲ್ವಿಚಾರಕನ ಗೊರಕೆ ಏರಿದ್ದೇ ತಡ, ಮೊಂಡಕ್ಕ ಗಿಡವನ್ನು ಎತ್ತಿಕೊಂಡು ಹೋಗಿ ನೀರಿನ ಟ್ಯಾಂಕಿನ ಹಿಂದೆ, ಮುರಿದ ಕುರ್ಚಿಗಳ ರಾಶಿಯ ಪಕ್ಕ ನೆಟ್ಟಳು. ಕುಂಡದಲ್ಲಿ ಹೆಚ್ಚುಕಡಿಮೆ ಅದೇ ಮೈಕಟ್ಟಿನ ಬೇಲಿಗಿಡವೊಂದು ಬಂದು ಕೂತಿತು. ಎರಡು ತಿಂಗಳು ಮೇಲ್ವಿಚಾರಕ ಆ ಬೇಲಿಗಿಡಕ್ಕೆ ಹೊಸ ಅಳಿಯನ ಉಪಚಾರ ಮಾಡಿದ. ಬಿಸಿಲಿಗೆ ಕೊಡೆ ಕಟ್ಟಿಸಿದ. ಹೆಸರಿನ ಹಲಗೆಯನ್ನೂ ಬರೆಸಿದ.

ಉದ್ಘಾಟನೆಯ ಬೆಳಿಗ್ಗೆ ಸಾಹೇಬರು ಬಂದು ನೋಡಿದರೆ ಬೆಳ್ಳಗಿನ ಕುಂಡವಿದೆ, ಹಲಗೆಯಿದೆ, ಹೂವಿಲ್ಲ.

"ಎಲ್ಲಾ ಇವಳ ಅಸಡ್ಡೆ ಸಾರ್!" ಮೇಲ್ವಿಚಾರಕ ಬೆರಳು ತೋರಿಸಿದ.

ಮೊಂಡಕ್ಕ ಕೈಯ ಮಣ್ಣು ಕೊಡವಿಕೊಂಡು, "ಸ್ವಲ್ಪ ಈ ಕಡೆ ಬನ್ನಿ ಸಾರ್," ಅಂದಳು. ಟ್ಯಾಂಕಿನ ಹಿಂದೆ ಬೆಟ್ಟದ ಗಿಡ ಮೈತುಂಬ ಗುಲಾಬಿ ಗಂಟೆ ತೊಟ್ಟು ನಿಂತಿತ್ತು.

"ಏನು ಹಾಕಿದೆಯಮ್ಮ ಇದಕ್ಕೆ?"

"ಮಳೆನೀರು ಸಾರ್. ಮಿಕ್ಕಂತೆ ಯಾರೂ ಏನೂ ಹಾಕದ ಹಾಗೆ ನೋಡ್ಕೊಂಡೆ."

ಅವಳ ಕೆಲಸ ಉಳಿಯಿತು. ಮೇಲ್ವಿಚಾರಕನಿಗೆ ಲಿಖಿತ ಅಪ್ಪಣೆ ಬಂತು: ಆ ಗಿಡಕ್ಕೆ ನೀವು ಏನೂ ಮಾಡಕೂಡದು.

ಕಾಗದ ಹಿಡಿದು ಮುಖ ಸಣ್ಣಗೆ ಮಾಡಿಕೊಂಡವನನ್ನು ಮೊಂಡಕ್ಕನೇ ಸಮಾಧಾನ ಮಾಡಿದಳು. "ಬಿಡಿ ಅಣ್ಣ, ಅಭ್ಯಾಸ ಇದ್ದದ್ದೇ ಅಲ್ವಾ? ಆ ಬೇಲಿಗಿಡ ಒಂದು ಬಿಟ್ಟು ಬೇರೆ ಯಾವುದಕ್ಕೆ ತಾನೇ ಇಷ್ಟು ವರ್ಷ ಏನಾದ್ರೂ ಮಾಡಿದ್ದೀರಿ?"