ಕ್ಯಾಂಡಿಯ ಬಸ್ಸಿನಲ್ಲಿ ಅಕ್ಕನ ಪಕ್ಕದ ಸೀಟು

ಮೊನ್ನೆ ಕಪಾಟು ಒರೆಸುವಾಗ ಸೀರೆಗಳ ಹಿಂದಿನಿಂದ ಒಂದು ಪುಟ್ಟ ಶೀಸೆ ಉರುಳಿ ಬಂತು. ಮುಚ್ಚಳ ತೆಗೆದು ಮೂಸಿದೆ. ದಾಲ್ಚಿನ್ನಿ ಎಣ್ಣೆ, ಶ್ರೀಲಂಕಾದಿಂದ ತಂದದ್ದು. ಇಷ್ಟು ವರ್ಷವಾದರೂ ಘಾಟು ಹೋಗಿಲ್ಲ. ಅದರ ಜೊತೆಗೇ ಹೊಟ್ಟೆಯೊಳಗೆ ಆ ಹಳೆಯ ಉರಿಯೂ ಎದ್ದಿತು. ಹೊಟ್ಟೆಕಿಚ್ಚು ಎಂದೇ ಹೇಳುತ್ತೇನೆ, ಅದಕ್ಕೊಂದು ಚಂದದ ಹೆಸರಿಟ್ಟು ಏನಾಗಬೇಕು...

ಸತ್ಯನಾರಾಯಣಪೇಟೆಯಲ್ಲಿ ನಮ್ಮ ಮನೆಗೂ ಅಕ್ಕನ ಮನೆಗೂ ನಡುವೆ ಒಂದೇ ಗೋಡೆ. ಒಡಹುಟ್ಟಿದವಳಲ್ಲ, ನನಗಿಂತ ದೊಡ್ಡವಳೆಂದು ಅಕ್ಕ ಎನ್ನುತ್ತಿದ್ದೆ. ಕುರುಗೋಡಿನ ಮಗಳು. ಅವಳು ಒಗ್ಗರಣೆ ಹಾಕಿದರೆ ನಾನು ಈ ಕಡೆ ಸೀನುತ್ತಿದ್ದೆ. ಮುಂಜಾನೆಯ ಚಹಾ ಅವಳ ಕಟ್ಟೆಯ ಮೇಲೆ, ಸಂಜೆಯದು ನನ್ನ ಕಟ್ಟೆಯ ಮೇಲೆ. ಅವಳಿಗೆ ಗೊತ್ತಿಲ್ಲದ ಸಂಗತಿ ನನ್ನ ಹತ್ತಿರ ಒಂದೂ ಇರಲಿಲ್ಲ. ಅವಳದೂ ಹಾಗೆಯೇ ಎಂದು ನಂಬಿದ್ದೆ.

ಸಿರುಗುಪ್ಪದ ಟ್ರಾವೆಲ್ಸ್‌ನವನೊಬ್ಬ ಹೆಂಗಸರನ್ನೇ ಕೂಡಿಸಿಕೊಂಡು ಶ್ರೀಲಂಕಾಕ್ಕೆ ಹೊರಟಿದ್ದಾನೆ ಎಂದು ತಿಳಿದಾಗ ಹಟ ಹಿಡಿದವಳು ನಾನು. ಅಕ್ಕ ಒಲ್ಲೆನೆನ್ನುತ್ತಲೇ ಇದ್ದಳು. ಒಂದು ಸಂಜೆ ಇದ್ದಕ್ಕಿದ್ದಂತೆ ಬಂದು, "ಹೋಗಾಣ ನಡಿ. ಈಗ ಹೋಗಲಿಲ್ಲಂದ್ರ ಮತ್ತ್ಯಾವಾಗ?" ಅಂದಳು. ನನ್ನ ಹಟಕ್ಕೆ ಸೋತಳೆಂದು ಹಿಗ್ಗಿ ಹೀರೇಕಾಯಿಯಾದೆ.

ಕ್ಯಾಂಡಿ ನೋಡುವ ದಿನ, ಬಸ್ಸಿನ ಬಾಗಿಲಲ್ಲಿ ಗೈಡ್ ಮಡಚಿದ ಕೆಂಪು ಕೊಡೆ ಹಿಡಿದು ನಿಂತಿದ್ದ. ಇಬ್ಬಿಬ್ಬರು ಜೋಡಿಯಾಗಬೇಕಂತೆ, ಇಳಿದಲ್ಲೆಲ್ಲ ಒಬ್ಬರ ಮೇಲೆ ಒಬ್ಬರು ಕಣ್ಣಿಟ್ಟಿರಬೇಕಂತೆ. ನಾನು ಆಗಲೇ ಕಿಟಕಿ ಸೀಟಿನ ಮೇಲೆ ಅಕ್ಕನಿಗೆಂದು ಕರವಸ್ತ್ರ ಹಾಸಿ ಕೂತಿದ್ದೆ. ಅಕ್ಕ ಬಂದಳು, ನನ್ನ ಹೆಗಲು ತಟ್ಟಿದಳು, ಹಿಂದೆ ಹೋಗಿ ತೆಕ್ಕಲಕೋಟೆಯ ಹೆಂಗಸಿನ ಪಕ್ಕ ಕೂತುಬಿಟ್ಟಳು.

ಆ ಹೆಂಗಸು ನಮಗೆ ಪರಿಚಯವಾದದ್ದೇ ಹಿಂದಿನ ದಿನ. ಹೊಲಮನೆ ನೋಡಿಕೊಂಡಿದ್ದವಳು. ತಲೆಯಲ್ಲಿ ಬೆರಳುದ್ದ ಕೂದಲು. ತಿರುಪತಿಗೆ ಮುಡಿ ಕೊಟ್ಟು ಬಂದಿರಬೇಕು ಎಂದುಕೊಂಡಿದ್ದೆ. ನನ್ನ ಪಾಲಿಗೆ ಸಿರುಗುಪ್ಪದ ಅಕ್ಕಿ ಗಿರಣಿಯವರ ಮನೆಯ ಅಜ್ಜಿ ಬಂದಳು. ಬಸ್ಸು ಹೊರಟಿದ್ದೇ ತಡ, ನನ್ನ ಹೆಗಲಿಗೆ ತಲೆಯಿಟ್ಟು ಗೊರಕೆ ಶುರುಮಾಡಿದಳು.

ಬುದ್ಧನ ಹಲ್ಲಿನ ಗುಡಿಯಲ್ಲಿ ಕಮಲದ ಹೂವು ಹಿಡಿದು ಸಾಲಿನಲ್ಲಿ ನಿಂತಾಗಲೂ ನನ್ನ ಕಣ್ಣು ಹಿಂದೆಯೇ ಇತ್ತು. ಗೈಡ್ ಅಲ್ಲಿಯ ಉತ್ಸವದ ಆನೆ ಎಷ್ಟು ದೊಡ್ಡದೆಂದು ಹೊಗಳುತ್ತಿದ್ದ. "ಪಾಪ, ಇಂವ ನಮ್ಮ ಕುರುಗೋಡು ಬಸವಣ್ಣನ್ನ ನೋಡಿಲ್ಲ," ಎಂದು ಅಕ್ಕ ಆ ಹೆಂಗಸಿನ ಕಿವಿಯಲ್ಲಿ ಹೇಳಿದ್ದು ನನಗೂ ಕೇಳಿಸಿತು. ಇಬ್ಬರೂ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ಎಲ್ಲಿ ಏನು ದೊಡ್ಡದು ಕಂಡರೂ ತವರೂರಿನ ಆ ಭಾರಿ ಕಲ್ಲುಬಸವನನ್ನು ನೆನೆದು ಅಕ್ಕ ನನ್ನೆದುರು ಹೇಳುತ್ತಿದ್ದ ಮಾತು ಅದು. ನನ್ನ ಪಾಲಿನ ನಗು ಎತ್ತಿ ಅವಳಿಗೆ ಕೊಟ್ಟಂತಾಯಿತು. ಮಸಾಲೆ ತೋಟದಲ್ಲಿ ಅಕ್ಕನಿಗೆಂದೇ ಈ ದಾಲ್ಚಿನ್ನಿ ಎಣ್ಣೆ ಕೊಂಡೆ. ಸಿಟ್ಟಿಗೆ ಕೊಡಲಿಲ್ಲ.

ಮಧ್ಯಾಹ್ನ ಪೆರಾದೆನಿಯದ ದೊಡ್ಡ ಹೂದೋಟ. ಎಲ್ಲರೂ ಕೆಂಪು ಕೊಡೆಯ ಹಿಂದೆ ಹೋದರು. ಅವರಿಬ್ಬರು ಹೋಗಲಿಲ್ಲ. ಕೊಂಬೆ ಚಾಚಿದ ಮರದ ಕೆಳಗೆ ಬೆಂಚಿನ ಮೇಲೆ ಕೂತಿದ್ದರು. ಅಕ್ಕನ ಕೈ ಆ ಹೆಂಗಸಿನ ಎರಡೂ ಕೈಗಳ ನಡುವೆ ಇತ್ತು. ನಾನು ಹತ್ತಿರ ಹೋದೆ, ಮಾತು ನಿಂತಿತು.

"ಏನ್ ನಡಿಸೀರಿ ಇಬ್ರೂ?"

"ಏನಿಲ್ಲ, ಬಾ, ಕೂಡು," ಎಂದು ಅಕ್ಕ ಸರಿದು ಜಾಗ ಮಾಡಿದಳು.

"ಬ್ಯಾಡ. ನನಗೂ ಜೋಡಿ ಐತಿ. ಅಜ್ಜಿ ಕಾಯಾಕತ್ತಾಳ," ಎಂದು ತಿರುಗಿ ನಡೆದೆ. ಸಂಜೆ ಹೋಟೆಲಿನಲ್ಲಿ ಕೇಳಿಯೇಬಿಟ್ಟೆ, "ನಿನ್ನಿ ಸಿಕ್ಕಾಕಿ ನನಗಿಂತ ಹೆಚ್ಚಾದ್ಲೇನಕ್ಕ?" ಅವಳು ನಕ್ಕು, "ಹುಚ್ಚಿ ಅದಿ ನೀ," ಅಂದಳು. ಅಷ್ಟೇ...

ಊರಿಗೆ ಬಂದ ಮೇಲೆ ಅಕ್ಕ ತಂಗಿಯ ಮನೆಗೆಂದು ಬೆಂಗಳೂರಿಗೆ ಹೋಗಿಬರತೊಡಗಿದಳು. ಆಸ್ಪತ್ರೆಗೆ ಎಂದು ನನಗೆ ತಿಳಿಯುವಷ್ಟರಲ್ಲಿ ಅವಳು ಹಾಸಿಗೆ ಹಿಡಿದಾಗಿತ್ತು. ಮುಂದಿನ ಯುಗಾದಿಗೆ ಅವಳಿರಲಿಲ್ಲ.

ದಿನಕರ್ಮದ ದಿವಸ, ಅಕ್ಕನ ತಿಥಿಯೂಟಕ್ಕೆ, ತೆಕ್ಕಲಕೋಟೆಯಾಕೆ ಬಂದಳು. ಕೂದಲು ಹೆಗಲಿಗೆ ಬಂದಿತ್ತು. ನನ್ನ ಪಕ್ಕದಲ್ಲೇ ಕೂತು ಮೆಲ್ಲಗೆ ಹೇಳಿದಳು. "ಆವತ್ತು ಹೂದೋಟದಾಗ ಅಕ್ಕಾರು ನನಗ ಹೇಳಿದ್ರು ನೋಡ್ರಿ, ಎದಿಯಾಗ ಗಂಟು ಆಗೈತಿ ಅಂತ. ನನಗೂ ಅದ ಬ್ಯಾನಿ ಆಗಿತ್ರಿ, ಔಷಧಕ್ಕ ಕೂದ್ಲೆಲ್ಲಾ ಹೋಗಿದ್ವು. ಅವರಿಗೆ ನನ್ನ ತಲಿ ನೋಡಿದ ಕೂಡ್ಲೇ ಗುರ್ತಾತು. ಮೊದ್ಲು ನಿಮಗ ಹೇಳ್ರಿ ಅಂದೆ. 'ಅಕಿ ಅಳ್ತಾಳ. ಆಸಿ ಮಾಡಿ ಊರು ನೋಡಾಕ ಬಂದಾಳ, ನೋಡ್ಲಿ ಬಿಡ್ರಿ' ಅಂದ್ರು."

ಈಗ ಆ ಮನೆಗೆ ಬೇರೆಯವರು ಬಂದಿದ್ದಾರೆ. ಒಳ್ಳೆಯ ಜನ. ಸಂಜೆಯ ಚಹಾ ನಾನು ಒಬ್ಬಳೇ ಕುಡಿಯುತ್ತೇನೆ. ನಿನ್ನ ಮೇಲಿನ ಮಮತೆಗೇ ಅವಳು ಮುಚ್ಚಿಟ್ಟಳು ಎಂದು ಎಲ್ಲರೂ ಸಮಾಧಾನ ಹೇಳುತ್ತಾರೆ. ಇದ್ದೀತು. ಆದರೂ ತೆಕ್ಕಲಕೋಟೆಯಾಕೆಯ ಮೇಲಿನ ನನ್ನ ಹೊಟ್ಟೆಕಿಚ್ಚು ಆರಿಲ್ಲ. ಅಕ್ಕ ಹೆದರಿದ್ದ ದಿನ ಕೈ ಹಿಡಿದು ಕೂತವಳು ಆಕೆ, ನಾನಲ್ಲ. ಹೌದು, ಹೇಳಿದ್ದರೆ ನಾನು ಅಳುತ್ತಿದ್ದೆ. ಆ ಬೆಂಚಿನ ಮೇಲೆಯೇ ಕೂತು ಬಸ್ಸು ಹೊರಡುವವರೆಗೂ ಅಳುತ್ತಿದ್ದೆ... ಕ್ಯಾಂಡಿ ಯಾರಿಗೆ ಬೇಕಾಗಿತ್ತು, ಅಕ್ಕ?